ಮರುಕಳಿಸುವ ಹ್ಯಾಮ್‌ಸ್ಟ್ರಿಂಗ್ ಗಾಯ: ಅಭ್ಯಾಸ ಬೋಧನೆಯಲ್ಲಿ ನಾನು ತಿದ್ದಿಕೊಂಡ ಒಂದು ಪಾಠ

ಹಿನ್ನೆಲೆ

ಬಿ.ಪಿ.ಇಡಿ. ಅಭ್ಯಾಸ ಬೋಧನೆಗೆ ನನ್ನನ್ನು ಒಂದು ಗ್ರಾಮೀಣ ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಎರಡನೆಯ ವಾರದಲ್ಲೇ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಓಟಗಾರರ ಆಯ್ಕೆ ನಡೆಯಬೇಕಿತ್ತು. 9ನೇ ತರಗತಿಯ ಒಬ್ಬ ಹುಡುಗ 100 ಮೀಟರ್ ಓಟದಲ್ಲಿ ಇಡೀ ಶಾಲೆಗೆ ಮುಂದು. ಮೂರು ವಾರಗಳ ಹಿಂದೆ ಓಡುವಾಗ ಅವನಿಗೆ ತೊಡೆಯ ಹಿಂದೆ ‘ನರ ಹಿಡಿದಿತ್ತು’ ಎಂದು ಗೆಳೆಯರು ಹೇಳಿದರು. ನಾನು ಕರೆದು, “ಈಗ ನೋವಿದೆಯಾ?” ಎಂದು ಕೇಳಿದೆ. “ಇಲ್ಲ ಸರ್, ಪೂರ್ತಿ ಹೋಗಿದೆ” ಎಂದ. ಬಗ್ಗಿ ಕಾಲ್ಬೆರಳು ಮುಟ್ಟಲು ಹೇಳಿದೆ, ಮುಟ್ಟಿದ. ಓಟಕ್ಕೆ ನಿಲ್ಲಿಸಿದೆ. ಅರ್ಧ ದೂರ ದಾಟುತ್ತಿದ್ದಂತೆ ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟುತ್ತಾ ನಿಂತುಬಿಟ್ಟ. ಅದೇ ಕಾಲು, ಅದೇ ಜಾಗ.

ಆ ಸಂಜೆ ಮಾರ್ಗದರ್ಶಕ ಉಪನ್ಯಾಸಕರು ನನ್ನನ್ನು ಬೈಯಲಿಲ್ಲ. “ಆಯ್ಕೆಯ ದಿನ ನೋವಿದೆಯಾ ಅಂತ ಕೇಳಿದ್ರೆ ಯಾವ ಹುಡುಗ ಹೌದು ಅಂತಾನೆ?” ಎಂದಷ್ಟೇ ಕೇಳಿದರು. ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಅದನ್ನು ತಿದ್ದಲು ಮುಂದಿನ ವಾರ ನಾನು ತೆಗೆದುಕೊಂಡ ಪಾಠದ ವಿವರ ಇಲ್ಲಿದೆ.

ವಿಷಯ ವಿಶ್ಲೇಷಣೆ

ಹ್ಯಾಮ್‌ಸ್ಟ್ರಿಂಗ್ ನರವಲ್ಲ. ಅದು ತೊಡೆಯ ಹಿಂಬದಿಯ ಮೂರು ಸ್ನಾಯುಗಳ ಗುಂಪು. ಕುಳಿತಾಗ ನೆಲಕ್ಕೆ ತಾಗುವ ಮೂಳೆಯಿಂದ ಹೊರಟು ಮೊಣಕಾಲಿನ ಕೆಳಗೆ ಅಂಟಿಕೊಳ್ಳುತ್ತದೆ. ವೇಗವಾಗಿ ಓಡುವಾಗ ಮುಂದಕ್ಕೆ ಚಾಚಿದ ಕಾಲು ನೆಲ ಮುಟ್ಟುವ ಮುನ್ನ ಅದನ್ನು ತಡೆದು ಹಿಡಿಯುವ ಕೆಲಸ ಈ ಸ್ನಾಯುಗಳದು. ಆ ಕ್ಷಣದಲ್ಲಿ ಅವು ಹಿಗ್ಗುತ್ತಲೇ ಬಲ ಹಾಕಬೇಕು. ಓಟಗಾರರಲ್ಲಿ ಎಳೆಗಳು ಹೆಚ್ಚಾಗಿ ಹರಿಯುವುದು ಆಗಲೇ. ನಿಂತು ಬಗ್ಗಿದಾಗ ಈ ಭಾರ ಬೀಳುವುದಿಲ್ಲ. ಆದ್ದರಿಂದಲೇ ನನ್ನ ಪರೀಕ್ಷೆಯಲ್ಲಿ ಹುಡುಗ ಪಾಸಾದ, ಓಟದಲ್ಲಿ ಬಿದ್ದ.

ಒಮ್ಮೆ ಗಾಯವಾದವರಿಗೆ ಮತ್ತೆ ಆಗುವ ಸಂಭವ ಹೆಚ್ಚು, ಅದರಲ್ಲೂ ಮರಳಿ ಓಡತೊಡಗಿದ ಮೊದಲ ವಾರಗಳಲ್ಲಿ. ನೋವು ಬೇಗ ಹೋಗುತ್ತದೆ, ಬಲ ನಿಧಾನವಾಗಿ ಬರುತ್ತದೆ. ಇವೆರಡರ ನಡುವಿನ ದಿನಗಳೇ ಅಪಾಯದವು.

ಬೋಧನೋಪಕರಣ: ಹಳೆಯ ಸೈಕಲ್ ಟ್ಯೂಬ್

ಪಂಕ್ಚರ್ ಅಂಗಡಿಯಿಂದ ಹಳೆಯ ಟ್ಯೂಬ್ ತಂದು, 12 ಸೆಂ.ಮೀ. ಉದ್ದದ ಎರಡು ಪಟ್ಟಿಗಳನ್ನು ಕತ್ತರಿಸಿದೆ. ಒಂದರಲ್ಲಿ ಪ್ಯಾಚ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಎರಡರ ಮೇಲೂ ಸೆಂ.ಮೀ.ಗೊಂದು ಗೆರೆ ಎಳೆದು, ಮಕ್ಕಳಿಂದಲೇ 18 ಸೆಂ.ಮೀ.ವರೆಗೆ ಎಳೆಸಿ ಅಳತೆ ಮಾಡಿಸಿದೆ. ಪ್ಯಾಚ್ ಇಲ್ಲದ ಪಟ್ಟಿ ಎಲ್ಲ ಕಡೆ ಸಮವಾಗಿ ಹಿಗ್ಗಿತು. ಇನ್ನೊಂದರಲ್ಲಿ ಪ್ಯಾಚ್ ಹೆಚ್ಚು ಹಿಗ್ಗಲಿಲ್ಲ, ಅದರ ಪಾಲನ್ನೂ ಪಕ್ಕದ ರಬ್ಬರ್ ಹೊತ್ತುಕೊಂಡಿತು. ಹಳೆಯ ಗಾಯದ ಆಸುಪಾಸಿನಲ್ಲೇ ಸ್ನಾಯು ಮತ್ತೆ ಹರಿಯಲು ಇದೂ ಒಂದು ಕಾರಣವೆಂದು ವಿವರಿಸಿದೆ.

ಪಾಠ ಚೆನ್ನಾಗಿ ಸಾಗಿತೆಂದುಕೊಂಡೆ. ಆಗ ಹಿಂದಿನ ಸಾಲಿನಲ್ಲಿದ್ದ ಅದೇ ಹುಡುಗ ಎದ್ದು, “ಹಾಗಾದ್ರೆ ಪ್ಯಾಚ್ ಬಿದ್ದ ಕಾಲು ಸರಿಯೇ ಆಗಲ್ವಾ ಸರ್?” ಎಂದು ಕೇಳಿದ. ನನ್ನ ಉಪಕರಣ ಹೇಳದೆ ಉಳಿಸಿದ್ದು ಅದನ್ನೇ. ರಬ್ಬರ್ ಸತ್ತ ವಸ್ತು, ಎಳೆದಷ್ಟೂ ಸವೆಯುತ್ತದೆ. ಸ್ನಾಯು ಜೀವಂತ, ಅಳತೆಯಲ್ಲಿ ಕೆಲಸ ಕೊಟ್ಟರೆ ಗಟ್ಟಿಯಾಗುತ್ತದೆ ಎಂದು ಆಗ ಹೇಳಿದೆ. ಈ ಉಪಕರಣ ಬಳಸುವವರು ಈ ಮಾತನ್ನು ಪಾಠ ಯೋಜನೆಯಲ್ಲೇ ಬರೆದುಕೊಳ್ಳಿ. ಮಗು ಕೇಳುವವರೆಗೆ ಕಾಯಬೇಡಿ.

ಇನ್ನೊಬ್ಬ, “ಬೋಲ್ಟ್ ಗಾಯ ಆದ್ರೂ ಓಡಿ ಗೆದ್ದಿಲ್ವಾ?” ಎಂದ. ಉಸೇನ್ ಬೋಲ್ಟ್ 2016ರ ಜುಲೈ ಆರಂಭದಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯದಿಂದ ಜಮೈಕಾದ ಆಯ್ಕೆ ಸ್ಪರ್ಧೆ ಬಿಟ್ಟು, ಆಗಸ್ಟ್‌ನಲ್ಲಿ ರಿಯೋದಲ್ಲಿ ಮೂರು ಚಿನ್ನ ಗೆದ್ದದ್ದು ನಿಜ. ಆ ಗಾಯ ಚಿಕ್ಕದಿತ್ತು, ಆರೈಕೆಗೆ ವೈದ್ಯರಿದ್ದರು, ಆಯ್ಕೆಯ ದಿನ ಅವರು ಹಿಂದೆ ಸರಿದರು. ಅದೇ ಬೋಲ್ಟ್ 2017ರಲ್ಲಿ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ 4x100 ರಿಲೇಯಲ್ಲಿ, ತಮ್ಮ ಕೊನೆಯ ಓಟದಲ್ಲಿ, ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಂಡು ಟ್ರ್ಯಾಕ್ ಮೇಲೆ ಬಿದ್ದರು. ಎರಡನ್ನೂ ಹೇಳಿದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು.

ಮರಳುವ ಮೆಟ್ಟಿಲುಗಳು

‘ಟಪ್’ ಎಂದಂತಾದರೆ, ತೊಡೆ ಕಪ್ಪುಗಟ್ಟಿದರೆ ಅಥವಾ ನಡೆಯಲಾಗದಿದ್ದರೆ ಮೊದಲು ವೈದ್ಯರ ಬಳಿಗೆ. ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸ್, ವಿಶ್ರಾಂತಿ. ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ, ಜಗ್ಗಿ ಎಳೆಯುವುದು ಬೇಡ. ನಂತರದ ಮೆಟ್ಟಿಲುಗಳನ್ನು ಮಕ್ಕಳ ಜೊತೆ ಕಾರ್ಡಿನಲ್ಲಿ ಬರೆದೆವು:

1. ಕುಂಟದೆ ನಡೆಯುವುದು, ಮೆಟ್ಟಿಲು ಹತ್ತುವುದು.
2. ಅಂಗಾತ ಮಲಗಿ ಒಂದೇ ಹಿಮ್ಮಡಿಯೂರಿ ಸೊಂಟ ಎತ್ತುವುದು. ಎರಡೂ ಕಾಲುಗಳಲ್ಲಿ ಎಣಿಕೆ ಸಮವಾಗಬೇಕು.
3. ನಿಧಾನ ಓಟ.
4. ಅರ್ಧ ವೇಗ, ನಂತರ ಮುಕ್ಕಾಲು ವೇಗ.
5. ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಮೂರು ಬಾರಿ ನೋವೂ ಅಂಜಿಕೆಯೂ ಇಲ್ಲದೆ ಪೂರ್ಣ ವೇಗದ ಓಟ. ಆಮೇಲೆ ಸ್ಪರ್ಧೆ.

ನಿಯಮ ಒಂದೇ: ಮರುದಿನ ಬೆಳಿಗ್ಗೆ ನೋವು ಬಂದರೆ ಒಂದು ಮೆಟ್ಟಿಲು ಕೆಳಗೆ. ದಿನ ಎಣಿಸಿ ಮೇಲೇರುವಂತಿಲ್ಲ.

ತಡೆಗಟ್ಟುವ ಅಭ್ಯಾಸ

ಗೋಣಿಚೀಲದ ಮೇಲೆ ಮಂಡಿಯೂರಿ, ಜೊತೆಗಾರನಿಂದ ಕಣಕಾಲು ಹಿಡಿಸಿಕೊಂಡು, ಸೊಂಟ ಬಗ್ಗಿಸದೆ ಮುಂದಕ್ಕೆ ನಿಧಾನವಾಗಿ ವಾಲುತ್ತಾ ಕೊನೆಗೆ ಕೈಯೂರಿ ಇಳಿಯುವುದು ‘ನಾರ್ಡಿಕ್’ ವ್ಯಾಯಾಮ. ಸ್ನಾಯು ಹಿಗ್ಗುತ್ತಲೇ ಬಲ ಹಾಕುವುದನ್ನು ಇದು ಕಲಿಸುತ್ತದೆ. ಡೆನ್ಮಾರ್ಕ್‌ನ 942 ಫುಟ್ಬಾಲ್ ಆಟಗಾರರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನು ಮಾಡಿದ ಗುಂಪಿನಲ್ಲಿ 15 ಗಾಯಗಳಾದರೆ, ಮಾಡದ ಗುಂಪಿನಲ್ಲಿ 52 ಆಗಿದ್ದವು. ಹಿಂದೆ ಗಾಯವಾದವರಿಗೆ ಲಾಭ ಇನ್ನೂ ಹೆಚ್ಚಾಗಿತ್ತು. ಅಲ್ಲಿ ಮೊದಲ ವಾರ ಒಂದೇ ದಿನ, 5ರಂತೆ 2 ಸುತ್ತು ಮಾಡಿಸಿ, ಮುಂದೆ ಮೆಲ್ಲಗೆ ಹೆಚ್ಚಿಸಿದ್ದರು. ನಾನೂ ಹಾಗೆಯೇ ಶುರು ಮಾಡಿದೆ, ಅವಧಿಯ ಕೊನೆಯಲ್ಲಿ. ಆರಂಭದಲ್ಲಿ ಮೈಕೈ ನೋವು ಸಹಜವೆಂದು ಮೊದಲೇ ತಿಳಿಸಿದ್ದೆ. ಇದರಷ್ಟೇ ಮುಖ್ಯವಾದದ್ದು ವರ್ಷವಿಡೀ ವಾರಕ್ಕೆ ಒಂದೆರಡು ಬಾರಿ ವೇಗದ ಓಟ. ತಿಂಗಳುಗಟ್ಟಲೆ ಓಡಿಸದೆ ಕ್ರೀಡಾಕೂಟದ ವಾರ ಒಮ್ಮೆಲೇ ಓಡಿಸುವ ನಮ್ಮ ರೂಢಿಯೇ ಅನೇಕ ಗಾಯಗಳ ಮೂಲ.

ಫಲ ಮತ್ತು ಚಿಂತನೆ

ಆ ಹುಡುಗ ಈ ವರ್ಷ ಹೋಬಳಿ ಕೂಟದಲ್ಲಿ ಓಡಲಿಲ್ಲ. ಅದು ನನ್ನ ಪಾಠ ಯೋಜನೆಯ ಯಾವ ಕಾಲಮ್ಮಿನಲ್ಲೂ ತುಂಬಲಾಗದ ನಷ್ಟ. ವೈದ್ಯರು ಒಪ್ಪಿದ ಮೇಲೆ ಕಾರ್ಡಿನಂತೆ ಅಭ್ಯಾಸ ಆರಂಭಿಸಿದ. ನನ್ನ ಅವಧಿ ಮುಗಿದಾಗ ನಾಲ್ಕನೆಯ ಮೆಟ್ಟಿಲಿನಲ್ಲಿದ್ದ. ಒಂದು ಬೆಳಿಗ್ಗೆ ತಾನಾಗಿಯೇ ಬಂದು, “ಸರ್, ಇವತ್ತು ಸ್ವಲ್ಪ ಹಿಡಿದಂಗಿದೆ, ಮೂರಕ್ಕೆ ಹೋಗ್ತೀನಿ” ಎಂದಿದ್ದ. ಆಯ್ಕೆಯ ದಿನ ಇದೇ ಬಾಯಿ “ಪೂರ್ತಿ ಹೋಗಿದೆ” ಎಂದಿತ್ತು. ನಿಜ ಹೇಳಿದರೆ ಅವಕಾಶ ಕೈತಪ್ಪುವುದೆಂಬ ಭಯ ಆಗ ಅವನಿಗಿತ್ತು. ಈಗ ಹೇಳಿದರೆ ಕಳೆದುಕೊಳ್ಳುವುದು ಒಂದು ಮೆಟ್ಟಿಲು ಮಾತ್ರ.

ಅವನ ಕಾರ್ಡನ್ನು ಶಾಲೆಯ ದೈಹಿಕ ಶಿಕ್ಷಕರಿಗೆ ಒಪ್ಪಿಸಿ ಬಂದಿದ್ದೇನೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಆ ಶಾಲೆಗೆ ಹೋದರೆ, ಐದನೆಯ ಮೆಟ್ಟಿಲಿನ ಎದುರು ಮೂರು ದಿನಾಂಕಗಳು ಬಿದ್ದಿವೆಯೇ ನೋಡಿ, ಆಮೇಲೆ ಅವನನ್ನು ಓಟಕ್ಕೆ ನಿಲ್ಲಿಸಿ.