ಸರಪಳಿಯನ್ನು ಸೀಳಬಹುದೇ? ಹ್ಯಾಶ್ ಪಾಠದಲ್ಲಿ ನಾನು ತಿದ್ದಿಕೊಂಡದ್ದು

ಮಂಡ್ಯದ ನಮ್ಮ ಕಾಲೇಜಿನಿಂದ ಬೋಧನಾಭ್ಯಾಸಕ್ಕೆ ನನಗೆ ಮೊದಲು ಮದ್ದೂರಿನ, ಆಮೇಲೆ ಮಳವಳ್ಳಿಯ ಪ್ರೌಢಶಾಲೆ ದೊರೆಯಿತು. ಭಾಗಾಕಾರದ ಶೇಷವನ್ನು ಕಂಪ್ಯೂಟರಿಗೆ ಜೋಡಿಸುವ ಪೂರಕ ಪಾಠವೊಂದನ್ನು ಎರಡೂ ಕಡೆ ಒಂಬತ್ತನೆಯ ತರಗತಿಗೆ ಮಾಡಿದೆ.

ಉದ್ದೇಶ: ಎಷ್ಟೇ ದೊಡ್ಡ ಕಡತಕ್ಕೂ ನಿಗದಿತ ಉದ್ದದ ಗುರುತು ಸಂಖ್ಯೆ ಕೊಡುವ ಲೆಕ್ಕವೇ ಹ್ಯಾಶ್. ಕಡತದ ಒಂದಕ್ಷರ ಬದಲಾದರೂ ಗುರುತು ಬೇರೆಯಾಗಬೇಕು. ಪ್ರೊಸೆಸರಿನಲ್ಲಿ ಹಲವು ಕೋರ್‌ಗಳಿದ್ದರೂ ಈ ಲೆಕ್ಕ ತಾನಾಗಿ ಬೇಗ ಮುಗಿಯುವುದಿಲ್ಲ, ಏಕೆ?

ಪೀಠಿಕೆ: "ಹತ್ತು ಆಳು ಸೇರಿದರೆ ಕಬ್ಬು ಬೇಗ ಕಡಿಯಬಹುದು. ಹತ್ತು ಆಳು ಸುತ್ತ ನಿಂತರೆ ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ಬೇಗ ಆಗುತ್ತದೆಯೇ?" ಎಂದು ಕೇಳಿದೆ. "ಇಲ್ಲ ಮಿಸ್, ಇನ್ನೊಂದು ಒಲೆ ಹೂಡ್ಬೇಕು" ಎಂದನೊಬ್ಬ. ಅದು ಸರಿಯಾದ ಉತ್ತರವೇ. ಹಲವು ಕಡತಗಳಿದ್ದರೆ ಒಂದೊಂದು ಕೋರ್‌ಗೆ ಒಂದೊಂದನ್ನು ಕೊಡಬಹುದು. ಇರುವುದು ಒಂದೇ ದೊಡ್ಡ ಕಡತವಾದರೆ?

ಚಟುವಟಿಕೆ (ಮದ್ದೂರು): ನಾಲ್ವರಿಗೆ 4, 7, 2, 5 ಎಂಬ ಚೀಟಿ ಕೊಟ್ಟೆ. ನಿಯಮ: ಹಿಂದಿನವರ ಉತ್ತರವನ್ನು 3ರಿಂದ ಗುಣಿಸಿ, ತನ್ನ ಚೀಟಿಯನ್ನು ಕೂಡಿಸಿ, 100ರಿಂದ ಭಾಗಿಸಿದ ಶೇಷ ಹೇಳಬೇಕು. 4, 19, 59, ಕೊನೆಗೆ 82 ಬಂತು. ಮೊದಲ ಎರಡು ಚೀಟಿ ಅದಲುಬದಲಾದರೆ 36. "ಹಿಂದಿನ ಉತ್ತರ ಬಾರದೆ ಮುಂದಿನವರು ಏನೂ ಮಾಡಲಾರರು, ಆದ್ದರಿಂದ ಸರಪಳಿಯನ್ನು ಸೀಳಲಾಗದು" ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. ಮೊದಲಿಬ್ಬರದು 19. ಕೊನೆಯಿಬ್ಬರು ಕಾಯದೆ ತಾವೇ ಮಾಡಿದರೆ 11. "19ನ್ನ ಎರಡು ಸಲ ಮೂರರಿಂದ ಗುಣಿಸಿ 11 ಕೂಡಿದ್ರೆ ಅದೇ ಬತ್ತದಲ್ಲ ಮಿಸ್?" 171ಕ್ಕೆ 11 ಕೂಡಿದರೆ 182, ಶೇಷ 82. ನಾನು ಸೀಳಲಾಗದು ಎಂದ ಸರಪಳಿಯನ್ನು ಅವಳು ಸೀಳಿದ್ದಳು! ಮಾರ್ಗದರ್ಶಕರು ಹಿಂದೆ ಕುಳಿತಿದ್ದರು. ಬರೆದ ವಾಕ್ಯವನ್ನು ಅಳಿಸಿ, "ನೀನು ಹೇಳಿದ್ದು ಸರಿ" ಎಂದೆ. ಕಾರಣ ಹೇಳಲು ಅಂದು ನನಗೆ ಆಗಲಿಲ್ಲ.

ಪುನರ್ಬೋಧನೆ (ಮಳವಳ್ಳಿ): ತಪ್ಪು ನನ್ನ ನಿಯಮದಲ್ಲಿತ್ತು. ಬರೀ ಗುಣಿಸಿ ಕೂಡುವ ಲೆಕ್ಕದಲ್ಲಿ ಹಿಂದಿನ ಉತ್ತರದ ಪಾಲನ್ನು ಬೇರ್ಪಡಿಸಿ ಕೊನೆಗೆ ಸೇರಿಸಬಹುದು. ಆದ್ದರಿಂದ ಕೂಡಿದ ಮೇಲೆ ವರ್ಗ ಮಾಡಿ ಶೇಷ ತೆಗೆಯಲು ಹೇಳಿದೆ. ಅದೇ ಚೀಟಿಗಳಿಗೆ 16, 25, 29, 64 ಬಂತು. ವರ್ಗ ಮಾಡಿದಾಗ ಹಳೆಯದೂ ಹೊಸದೂ ಒಂದರೊಳಗೊಂದು ಗುಣಿಸಿಕೊಳ್ಳುತ್ತವೆ. ಹುಡುಗಿಯ ಉಪಾಯ ಇಲ್ಲಿ ನಡೆಯದು. ನಿಜವಾದ ಎಸ್‌ಎಚ್‌ಎ-256ರಲ್ಲಿ 512 ಬಿಟ್‌ಗಳ ಒಂದೊಂದು ತುಂಡೂ ಇಂಥ 64 ಸುತ್ತು ಕಲಸಿಕೊಂಡು ಮುಂದಿನ ತುಂಡಿಗೆ ಹೋಗುತ್ತದೆ.

ಹಾಗಾದರೆ ವೇಗ ಹೇಗೆ? ಲೆಕ್ಕದ ಆಕಾರವನ್ನೇ ಬದಲಿಸಬೇಕು. ಇಬ್ಬಿಬ್ಬರ ಗುಂಪು ಮಾಡಿದೆ: ಒಂದರ ಉತ್ತರ 25, ಇನ್ನೊಂದರದು 89. ಅವೆರಡನ್ನು ಅದೇ ನಿಯಮದಿಂದ ಸೇರಿಸಿದಾಗ 96. ಇದು 64 ಅಲ್ಲ, ಆದರೆ ತಪ್ಪೂ ಅಲ್ಲ, ಬೇರೆಯದೇ ಹ್ಯಾಶ್. ಕಳಿಸುವವರೂ ಪರೀಕ್ಷಿಸುವವರೂ ಮೊದಲೇ ಈ ಆಕಾರವನ್ನು ಒಪ್ಪಿರಬೇಕು, ಅಷ್ಟೆ. ಇಂಥ ಮರದಾಕಾರಕ್ಕೆ ರಾಲ್ಫ್ ಮರ್ಕಲ್ 1979ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 2020ರಲ್ಲಿ ಬಂದ ಬ್ಲೇಕ್3 ಕಡತವನ್ನು 1024 ಬೈಟ್‌ಗಳ ತುಂಡು ಮಾಡಿ, ಮರದಂತೆ ಜೋಡಿಸುತ್ತದೆ.

ಮೌಲ್ಯಮಾಪನ: 16 ಚೀಟಿಗಳಿಗೆ ಸರಪಳಿಯಲ್ಲಿ 16 ಸರದಿ. ನಾಲ್ಕರಂತೆ ನಾಲ್ಕು ಗುಂಪಾದರೆ 4 ಸರದಿ, ಜೋಡಿಸಲು 2, ಒಟ್ಟು 6. ಮಾಡಿದ ಲೆಕ್ಕಗಳು ಮಾತ್ರ 16ರ ಬದಲು 19. ಕೆಲಸ ಹೆಚ್ಚಿ ಸಮಯ ಇಳಿಯಿತೆಂಬುದನ್ನು ಮಕ್ಕಳೇ ಎಣಿಸಿ ಹೇಳಿದರು.

ಹಿನ್ನೋಟ: ಮದ್ದೂರಿನ ತರಗತಿಗೆ ಮತ್ತೊಂದು ಅವಧಿ ಕೇಳಿ ಪಡೆದು, ಎರಡೂ ನಿಯಮಗಳನ್ನು ಅಕ್ಕಪಕ್ಕ ಬರೆದು ವಿವರಿಸಿದೆ. ಮೊದಲ ನಿಯಮ ಏಕೆ ಸೀಳಿತೆಂದು ಹಲಗೆಯ ಮೇಲೆ ತೋರಿಸಿದವಳು ಆ ಹುಡುಗಿಯೇ. ಸರಳಗೊಳಿಸುವಾಗ ಯಾವ ಗುಣವನ್ನು ಕಲಿಸಹೊರಟಿದ್ದೇವೋ ಅದನ್ನೇ ಕಳೆದುಬಿಡುವ ಅಪಾಯವಿದೆ. ಈಗ ಪಾಠಯೋಜನೆ ಬರೆದ ಮೇಲೆ, ನನ್ನ ಉದಾಹರಣೆಯನ್ನು ನಾನೇ ಒಮ್ಮೆ ಮುರಿಯಲು ನೋಡುತ್ತೇನೆ.