ಹೂಳಿದ ದೇಹದಲ್ಲಿ ಉಳಿಯುವ ಔಷಧ

ಮಣ್ಣಿಗೆ ಸೇರಿದ ದೇಹವು ಕ್ರಮೇಣ ಕೊಳೆತುಹೋಗುವುದು. ಅದರೊಳಗಿದ್ದ ಔಷಧವೂ ಹಾಗೆಯೇ ನಾಶವಾಗುವುದೇ? ಉತ್ತರವು ಆ ವಸ್ತುವಿನ ಸ್ವಭಾವವನ್ನು ಅವಲಂಬಿಸಿದೆ. ಪಾಷಾಣದಲ್ಲಿರುವ ಆರ್ಸೆನಿಕ್ ಮೂಲವಸ್ತುವಾದುದರಿಂದ ಕೊಳೆತು ಇಲ್ಲವಾಗುವುದಿಲ್ಲ. ಕೊಕೇನ್ ಮರಣಾನಂತರವೂ ಬೇಗನೆ ವಿಭಜನೆ ಹೊಂದುವುದು. ಮಾರ್ಫೀನ್ ಅದಕ್ಕಿಂತ ಹೆಚ್ಚು ಕಾಲ ನಿಲ್ಲುವುದು.

ಇದಕ್ಕೊಂದು ನಿದರ್ಶನವನ್ನು ನೋಡೋಣ. 1998ರ ಜೂನ್ 24ರಂದು ಇಂಗ್ಲೆಂಡಿನ ಹೈಡ್ ಪಟ್ಟಣದಲ್ಲಿ 81 ವರ್ಷದ ವೃದ್ಧೆಯೊಬ್ಬರು ತೀರಿಕೊಂಡರು. ಮರಣಕ್ಕೆ ಮುಪ್ಪೇ ಕಾರಣವೆಂದು ವೈದ್ಯ ಹೆರಾಲ್ಡ್ ಶಿಪ್‌ಮನ್ ಬರೆದುಕೊಟ್ಟನು. ಉಯಿಲು ಕೃತ್ರಿಮವೆಂಬ ಸಂಶಯ ಮಗಳಿಗೆ ಹುಟ್ಟಿತು. ಆಗಸ್ಟ್ 1ರಂದು ಶವವನ್ನು ಹೊರತೆಗೆದು ಪರೀಕ್ಷಿಸಲಾಗಿ, ಮಾಂಸಖಂಡದಲ್ಲಿ ಮಾರ್ಫೀನ್ ದೊರೆಯಿತು. ಆಕೆಗೆ ಮಾದಕವಸ್ತುವಿನ ಚಟವಿತ್ತೆಂದು ವೈದ್ಯನು ವಾದಿಸಿದನು.

ಇಂತಹ ವಾದವನ್ನು ಒರೆಗೆ ಹಚ್ಚಲು ಕೂದಲು ನೆರವಾಗುವುದು. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿತ್ಯವೂ ಸೇವಿಸಿದ ಔಷಧದ ಗುರುತು ಅದರ ಉದ್ದಕ್ಕೂ ಉಳಿಯುವುದು. ಕೊನೆಯ ಗಳಿಗೆಯಲ್ಲಿ ಚುಚ್ಚಿದ ಮದ್ದು ಹಾಗೆ ಹರಡಿರದು.

ಆದರೂ ಎಚ್ಚರಿಕೆ ಅಗತ್ಯ. ಆರ್ಸೆನಿಕ್ ಮಣ್ಣಿನಿಂದಲೂ ದೇಹವನ್ನು ಸೇರಬಲ್ಲದು. ಆದ್ದರಿಂದ ಶವಪೆಟ್ಟಿಗೆಯ ಸುತ್ತಲಿನ ಮಣ್ಣನ್ನೂ ಪರೀಕ್ಷಿಸಬೇಕು. ಕೊಳೆತ ಮಾಂಸದಲ್ಲಿ ಕಂಡ ಪ್ರಮಾಣವು ಜೀವಂತ ರಕ್ತದಲ್ಲಿದ್ದ ಪ್ರಮಾಣಕ್ಕೆ ಸಮನೆಂದು ಭಾವಿಸಲಾಗದು. ಕೊಳೆಯುವಾಗ ಸೂಕ್ಷ್ಮಜೀವಿಗಳು ಮದ್ಯಸಾರವನ್ನೇ ಉತ್ಪಾದಿಸುವುದೂ ಉಂಟು.

ಶಿಪ್‌ಮನ್ನನ ಗಣಕಯಂತ್ರದಲ್ಲಿ ಹಿಂದಿನ ದಿನಾಂಕ ಹಾಕಿ ಸೇರಿಸಿದ ಟಿಪ್ಪಣಿಗಳೂ ಬಯಲಾದವು. 2000ದ ಜನವರಿ 31ರಂದು 15 ಕೊಲೆಗಳಿಗಾಗಿ ಅವನು ಅಪರಾಧಿಯೆಂದು ತೀರ್ಮಾನವಾಯಿತು. ಔಷಧವಿತ್ತೆಂಬುದನ್ನು ರಸಾಯನಶಾಸ್ತ್ರವು ಹೇಳಬಲ್ಲದು. ಅದು ದೇಹವನ್ನು ಸೇರಿದ ಬಗೆಯನ್ನು ನಿರ್ಣಯಿಸಲು ಇತರ ಸಾಕ್ಷ್ಯಗಳೂ ಕೂಡಿಬರಬೇಕು.