ಎರಡು ಗಿಟಾರುಗಳಿಗೆ ಒಂದು ಚಿಕ್ಕ ವಾಲ್ವ್ ಆಂಪ್ಲಿಫೈಯರು



ಹಳ್ಳಿಯ ಸಭೆಗಳ ಹಾಡಿಕೆಯಲ್ಲಿ ಹಾರ್ಮೋನಿಯಮ್ಮಿನ ಸಂಗಡ ಗಿಟಾರು ಸಹ ಸೇರಿಕೊಂಡಿರುವದನ್ನು ನೀವು ಬಲ್ಲಿರಿ. ಒಬ್ಬ ಯೌವನಸ್ಥನ ಬಳಿಯಲ್ಲಿ ಮರದ ಒಡಲುಳ್ಳ ಅಕೂಸ್ಟಿಕ್ ಗಿಟಾರು, ಇನ್ನೊಬ್ಬನ ಬಳಿಯಲ್ಲಿ ವಿದ್ಯುತ್ ಗಿಟಾರು ಇರುವಾಗ, ಎರಡಕ್ಕೂ ಒಂದೇ ಚಿಕ್ಕ ವಾಲ್ವ್ ಆಂಪ್ಲಿಫೈಯರು ಸಾಕಾಗುವದೋ ಎಂಬ ಪ್ರಶ್ನೆ ಏಳುತ್ತದೆ. ಸಭೆಯ ಹಣವು ಕೂಲಿಯವರ ಮತ್ತು ಬೇಸಾಯಗಾರರ ಕೈಯಿಂದ ಕಾಸುಕಾಸಾಗಿ ಕೂಡಿದ್ದು. ಆದದರಿಂದ ವೆಚ್ಚಮಾಡುವದಕ್ಕೆ ಮುಂಚೆ ಸಂಗತಿಯನ್ನು ತಿಳಿದುಕೊಳ್ಳುವದು ಒಳ್ಳೇದು.

1. ವಾಲ್ವಿನ ಕೆಲಸ

ಹುಲಿಗಿಯ ಸಮೀಪದಲ್ಲಿರುವ ಮುನಿರಾಬಾದಿನಿಂದ ತುಂಗಭದ್ರೆಯ ಎಡದಂಡೆಯ ಕಾಲುವೆ ಹೊರಡುತ್ತದೆ. ಕಾಲುವೆಯ ತೂಬಿನ ಬಾಗಿಲನ್ನು ತುಸು ಎತ್ತಿದರೆ ಬಹಳ ನೀರು ಹರಿಯುವದು, ತುಸು ಇಳಿಸಿದರೆ ತಗ್ಗುವದು. ಕೈಯ ಸ್ವಲ್ಪ ಬಲವು ದೊಡ್ಡ ಪ್ರವಾಹವನ್ನು ಆಳುತ್ತದೆ. ವಾಲ್ವೂ ಹಾಗೆಯೇ. ಅದು ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿಗೆ ಹಾಯುತ್ತವೆ. ಇವೆರಡರ ನಡುವೆ 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಎಂಬವನು ಒಂದು ಜಾಲರಿಯನ್ನಿಟ್ಟನು. ಈ ಜಾಲರಿಯೇ ತೂಬಿನ ಬಾಗಿಲು. ಗಿಟಾರಿನಿಂದ ಬರುವ ಕ್ಷೀಣ ವಿದ್ಯುತ್ತು ಅದನ್ನು ಆಡಿಸಿದರೆ ದೊಡ್ಡ ಪ್ರವಾಹವು ಅದರಂತೆಯೇ ಏರಿಳಿಯುವದು.

2024ನೇ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಬಾಗಿಲಿನ ಸರಪಳಿ ಕಡಿದು, ನೀರು ಹಿಡಿತವಿಲ್ಲದೆ ಹರಿದುಹೋದದ್ದು ಈ ಸೀಮೆಯವರಿಗೆ ಗೊತ್ತಿದೆ. ಜಾಲರಿಯ ಹಿಡಿತ ತಪ್ಪಿದ ವಾಲ್ವಿನಲ್ಲಿಯೂ ಪ್ರವಾಹವು ಮಿತಿಮೀರಿ, ಒಳಗಿನ ತಗಡು ಕೆಂಡದಂತೆ ಕೆಂಪಾಗುವದು. ಹಾಗೆ ಕಂಡರೆ ಆ ಕ್ಷಣವೇ ಯಂತ್ರವನ್ನು ಆರಿಸತಕ್ಕದ್ದು.

2. ಎರಡು ಗಿಟಾರುಗಳ ಭೇದ

ವಿದ್ಯುತ್ ಗಿಟಾರಿನ ಒಡಲು ತಾನಾಗಿ ಹೆಚ್ಚು ನುಡಿಯದು. ಆಂಪ್ಲಿಫೈಯರು ಅದರ ಅರ್ಧ ಒಡಲು ಎನ್ನಬಹುದು. ವಾಲ್ವು ದಣಿದು ಧ್ವನಿ ತುಸು ಒಡೆದರೂ ಅದು ಕಿವಿಗೆ ಇಂಪಾಗಿಯೇ ಇರುವದು. ಅಕೂಸ್ಟಿಕ್ ಗಿಟಾರಾದರೋ ತನ್ನ ಧ್ವನಿಯನ್ನು ಮರದಿಂದಲೇ ಪಡೆದಿದೆ. ಅದನ್ನು ಇದ್ದ ಹಾಗೆಯೇ ದೊಡ್ಡದು ಮಾಡಬೇಕೇ ಹೊರತು ಬಣ್ಣ ಕಟ್ಟಬಾರದು. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರು ಸಾಮಾನ್ಯವಾಗಿ 5,000 ಹರ್ಟ್ಸಿಗೆ ಮೇಲ್ಪಟ್ಟ ಸೂಕ್ಷ್ಮ ಸ್ವರಗಳನ್ನು ಚೆನ್ನಾಗಿ ನುಡಿಸಲಾರದು. ಆದಕಾರಣ ಅದರಲ್ಲಿ ಅಕೂಸ್ಟಿಕ್ ಗಿಟಾರಿನ ತಂತಿಯ ಹೊಳಪು ಮಾಸುವದು. ಧ್ವನಿಯನ್ನು ಹೆಚ್ಚಿಸಿದರೆ ಪೊಳ್ಳಾದ ಮರದ ಒಡಲು ಸ್ಪೀಕರಿನ ಸದ್ದನ್ನು ತಿರಿಗಿ ಹಿಡಿದು ಊಳಿಡುವದೂ ಉಂಟು.

3. ಎಷ್ಟು ವಾಟ್ ಬೇಕು?

ಇಎಲ್84 ಎಂಬ ವಾಲ್ವು ಒಂದೇ ಇರುವ ಪೆಟ್ಟಿಗೆ ಸುಮಾರು 5 ವಾಟ್, ಜೋಡಿ ಇರುವದು ಸುಮಾರು 15 ವಾಟ್ ಕೊಡುವದು. ಆದರೆ 15 ವಾಟಿನದು ಮೂರು ಪಾಲು ಜೋರಾಗಿ ಕೇಳುವದೆಂದು ನೆನಸಬಾರದು. ಧ್ವನಿ ಇಮ್ಮಡಿಯಾಗಿ ಕೇಳಬೇಕಾದರೆ ವಾಟ್ ಸುಮಾರು ಹತ್ತು ಪಾಲಾಗಬೇಕು. ಹೆಚ್ಚಿನ ವಾಟಿನ ಲಾಭವು ಅಬ್ಬರವಲ್ಲ, ನಿರ್ಮಲತೆಯೇ. 5 ವಾಟಿನದು ಬೇಗ ದಣಿದು ಒಡೆಯುವದು. ಇದು ಮನೆಯಲ್ಲಿ ವಿದ್ಯುತ್ ಗಿಟಾರನ್ನು ಅಭ್ಯಾಸಮಾಡುವವನಿಗೆ ಸಾಕು. ಎರಡೂ ಗಿಟಾರುಗಳು ನುಡಿಯಬೇಕಾದರೆ 15 ವಾಟಿನದೂ 12 ಅಂಗುಲದ ಸ್ಪೀಕರುಳ್ಳದ್ದೂ ಉತ್ತಮ.

4. ಅಂಗಡಿಯಲ್ಲಿ ಪರೀಕ್ಷೆ

ಎರಡು ಗಿಟಾರುಗಳನ್ನೂ ಕೊಂಡೊಯ್ಯಿರಿ. ಮೊದಲು ಅಕೂಸ್ಟಿಕ್ ಗಿಟಾರನ್ನು ಕೂಡಿಸಿ, ನಾಲ್ವರು ಹಾಡುವಷ್ಟು ಜೋರಿನಲ್ಲಿ ನುಡಿಸಿರಿ. ಧ್ವನಿ ಒಡೆದರೆ ಆ ಪೆಟ್ಟಿಗೆ ನಿಮ್ಮದಲ್ಲ. ಗಿಟಾರಿನ ಸೇತುವೆಯ ಕೆಳಗೆ ಬರಿಯ ಪಿಯೆಜೊ ಹರಳು ಮಾತ್ರ ಇದ್ದರೆ, ಪೆಟ್ಟಿಗೆಯ ಒಳದಾರಿಯ ತಡೆ 10 ಲಕ್ಷ ಓಮಿಗೆ ಕಡಿಮೆ ಇರಬಾರದು. ಇಲ್ಲವಾದರೆ ಸ್ವರವು ತೆಳ್ಳಗಾಗುವದು. ಬ್ಯಾಟರಿಯ ಪ್ರಿಆಂಪ್ ಇದ್ದರೆ ಈ ಚಿಂತೆಯಿಲ್ಲ.

ವಾಲ್ವುಗಳು ಸವೆಯುವ ವಸ್ತುಗಳು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಹಿಂದೆ ಇಎಲ್84ನ್ನು ತಾನೇ ಮಾಡುತ್ತಿತ್ತು. ಈಗ ಹೊಸವು ಚೀನ, ರಷ್ಯ, ಸ್ಲೊವಾಕಿಯ ದೇಶಗಳಿಂದ ಬರುತ್ತವೆ. ಆದದರಿಂದ ಎಲ್ಲೆಡೆ ಸಿಕ್ಕುವ ಜಾತಿಯ ವಾಲ್ವುಳ್ಳದ್ದನ್ನೇ ಆರಿಸಿರಿ.

5. ಪ್ರಾಣದ ವಿಷಯ

ಇದು ಎಲ್ಲಕ್ಕಿಂತ ಮುಖ್ಯ. ಪೆಟ್ಟಿಗೆಯೊಳಗೆ 300 ವೋಲ್ಟಿನಷ್ಟು ವಿದ್ಯುತ್ತು ಇರುವದು. ತಂತಿಯನ್ನು ಕಿತ್ತ ಮೇಲೆಯೂ ಕೆಪಾಸಿಟರುಗಳಲ್ಲಿ ಅದು ಉಳಿದು ಮನುಷ್ಯನನ್ನು ಕೊಲ್ಲಬಲ್ಲದು. ಬಲ್ಲವನ ಹೊರತು ಯಾರೂ ಅದನ್ನು ಬಿಚ್ಚಬಾರದು. ಮೂರು ಮುಳ್ಳಿನ ಪ್ಲಗ್ಗಿನ ಅರ್ಥಿಂಗ್ ಮುಳ್ಳನ್ನು ಎಂದಿಗೂ ಕತ್ತರಿಸಬೇಡಿರಿ. ಗಿಟಾರಿನ ಲೋಹದ ತಂತಿಗಳು ನುಡಿಸುವವನ ಬೆರಳಿನಲ್ಲಿರುತ್ತವೆ. ನಿಮ್ಮ ಕಟ್ಟಡದಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಮೊದಲು ಅದಕ್ಕೆ ಹಣ ಕೊಡಿರಿ, ಪೆಟ್ಟಿಗೆ ಆಮೇಲೆ ಬರಲಿ. ಅಮೆರಿಕದಿಂದ ತಂದ 120 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಕೂಡಿಸಿದರೆ ಸುಟ್ಟುಹೋಗುವದು. ಸ್ಪೀಕರಿನ ತಂತಿ ಬಿಟ್ಟಿರುವಾಗ ವಾಲ್ವ್ ಯಂತ್ರವನ್ನು ನುಡಿಸಬಾರದು, ಟ್ರಾನ್ಸ್‌ಫಾರ್ಮರು ಕೆಡುವದು.

ಹೀಗಿರಲಾಗಿ ನಿರ್ಣಯವೇನು? ವಿದ್ಯುತ್ ಗಿಟಾರೇ ಹೆಚ್ಚಾಗಿ ನುಡಿಯುವಲ್ಲಿ, ನಿರ್ಮಲ ಧ್ವನಿಯ 15 ವಾಟಿನ ವಾಲ್ವ್ ಪೆಟ್ಟಿಗೆ ಎರಡಕ್ಕೂ ಒದಗುವದು. ಅಕೂಸ್ಟಿಕ್ ಗಿಟಾರೇ ಮುಖ್ಯವಾದರೆ ವಾಲ್ವಿನ ಆಶೆಯನ್ನು ಬಿಟ್ಟು, ನೀವು ಹಾಡಲಿಕ್ಕೆ ಇಟ್ಟುಕೊಂಡಿರುವ ಮೈಕಿನ ಮಿಕ್ಸರಿಗೇ ಅದನ್ನು ಕೂಡಿಸಿರಿ. ಹಣವೂ ಉಳಿಯುವದು, ಧ್ವನಿಯೂ ಸತ್ಯವಾಗಿ ಕೇಳುವದು. ಯಾವದನ್ನು ಕೊಂಡರೂ ಹಿಂದಿನ ಸಾಲಿನ ಮುದುಕಿಯ ಹಾಡು ಅದರಲ್ಲಿ ಮುಳುಗಿಹೋಗದಿರಲಿ.

ಅಭ್ಯಾಸದ ಪ್ರಶ್ನೆಗಳು

1. ಜಾಲರಿಗೂ ತೂಬಿನ ಬಾಗಿಲಿಗೂ ಇರುವ ಹೋಲಿಕೆ ಏನು?
2. ಅಕೂಸ್ಟಿಕ್ ಗಿಟಾರಿಗೆ ನಿರ್ಮಲ ಧ್ವನಿ ಏಕೆ ಬೇಕು?
3. ನಿಮ್ಮ ಕಟ್ಟಡದಲ್ಲಿ ಅರ್ಥಿಂಗ್ ಉಂಟೋ? ಬಲ್ಲವನಿಂದ ಪರೀಕ್ಷಿಸಿ ತಿಳಿಯಿರಿ.